ನೀರು ಹದಕ್ಕೆ ಬರುವವರೆಗೆ

ಜಡಿಗೇನಹಳ್ಳಿ
14 ಜೂನ್ 2025, ಶನಿವಾರ

ಪ್ರಮೋದಾ,

ಕಾಗದದ ಮೊದಲಿಗೆ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಎಲ್ಲರೂ ಎಂದರೆ ನಾನು, ನೈಟ್ ಶಿಫ್ಟು ಮುಗಿಸಿ ಬಂದು ಗೊರಕೆ ಹೊಡೆಯುತ್ತಿರುವ ನಿನ್ನ ಗಂಡ ಭಾನು, ಮತ್ತು ನೀನು ಬಿಟ್ಟುಹೋದ ಎರಡು ಏಂಜೆಲ್ ಮೀನು.

ಫೋನು ಇರುವಾಗ ಮಾವನಿಗೆ ಇದೆಂಥ ಹುಚ್ಚು ಎಂದುಕೊಳ್ಳಬೇಡ. ಫೋನಿನಲ್ಲಿ ನಾನು "ಊಟ ಆಯ್ತೇನಮ್ಮ" ಅಂತೀನಿ, ನೀನು "ಆಯ್ತು ಮಾವ, ನಿಮ್ದು?" ಅಂತೀಯ, ಆಮೇಲೆ ಇಬ್ಬರೂ ಗಾಳಿ ಕೇಳಿಸಿಕೊಂಡು ನಿಂತಿರುತ್ತೇವೆ. ನಿನ್ನ ಅತ್ತೆ ಬದುಕಿದ್ದರೆ ನಡುವೆ ನಿಂತು ಇಬ್ಬರ ಮಾತನ್ನೂ ಅವಳೇ ಆಡುತ್ತಿದ್ದಳು. ಅವಳು ಹೋಗಿ ಮೂರು ವರ್ಷ, ನೀನು ಈ ಮನೆಗೆ ಬಂದು ಒಂದೂವರೆ ವರ್ಷ. ನೀನು ನನಗೆ ಉದ್ದಕ್ಕೆ ಏನಾದರೂ ಹೇಳಿದ್ದಿದ್ದರೆ ಅದು ಸೀಮಂತ ಮುಗಿಸಿ ತವರಿಗೆ ಹೊರಡುವಾಗ ಟ್ಯಾಂಕಿಗೆ ಅಂಟಿಸಿದ ಚೀಟಿಯಲ್ಲಿ. ಎಷ್ಟು ಕಾಳು ಹಾಕಬೇಕು, ಲೈಟು ಯಾವಾಗ ಆರಿಸಬೇಕು, ಎಲ್ಲ ಬರೆದಿದ್ದೀಯ. ಓದಿದಾಗ ಅನ್ನಿಸಿತು, ನಮ್ಮಿಬ್ಬರಿಗೆ ಬಾಯಿಗಿಂತ ಕಾಗದವೇ ವಾಸಿ. ಭಾನು ಹೇಗೂ ಭಾನುವಾರ ಭಾನುವಾರ ದೊಡ್ಡಬೆಳವಂಗಲಕ್ಕೆ ಬರುತ್ತಾನೆ, ಅವನೇ ಪೋಸ್ಟ್‌ಮನ್.

ವಿಷಯಕ್ಕೆ ಬರುತ್ತೇನೆ. ನಿನ್ನೆ ಸಂಜೆ ಮೀನು ಮೊಟ್ಟೆ ಇಟ್ಟಿದೆ! ಮೋಟಾರಿನ ಕೊಳವೆಯ ಮೇಲೆ, ಸಾಸಿವೆಗಿಂತ ಸಣ್ಣವು, ಸಾಲಾಗಿ. ಗಂಡು ಹೆಣ್ಣು ಎರಡೂ ಎದುರು ನಿಂತು ರೆಕ್ಕೆ ಬೀಸುತ್ತಿವೆ. ಸೊಣ್ಣಮ್ಮನನ್ನು ಪಕ್ಕದ ಮನೆಯಿಂದ ಕರೆದು ತೋರಿಸಿದೆ. "ಸಾರು ಮಾಡೋ ಜಾತಿಗೆ ಎಂಥಾ ಸೇವೆ ಅಣ್ಣೋ" ಎಂದು ಹೋದಳು.

ನೀನು ಇಟ್ಟಿದ್ದ ಬಣ್ಣದ ಪಟ್ಟಿಯನ್ನು ನೀರಿಗೆ ಅದ್ದಿದೆ. ಪಿ.ಎಚ್. ಎಂಟೂವರೆ. ನಮ್ಮ ಬೋರ್‌ವೆಲ್ ನೀರು, ಬಕೆಟ್ಟಿಗೆಲ್ಲ ಬಿಳಿ ಪೊರೆ ಕಟ್ಟುವಂಥದ್ದು, ನಿನಗೆ ಗೊತ್ತು. ಇದು ಮೊಟ್ಟೆಗೆ ಆಗುತ್ತದೆಯೋ? ಡೈರಿಯಲ್ಲಿ ಮೂವತ್ತೆರಡು ವರ್ಷ ಹಾಲು ಪರೀಕ್ಷೆ ಮಾಡಿದವನು, ಅದಕ್ಕೂ ಮೊದಲು ಒಂದೂವರೆ ವರ್ಷ ಬಿ.ಎಸ್ಸಿ. ಓದಿದವನು ನಾನು. ಆ್ಯಸಿಡ್ ಟರ್ನ್ಸ್ ಬ್ಲೂ ಲಿಟ್ಮಸ್ ರೆಡ್. ಎರಡು ನಿಂಬೆಹಣ್ಣು ಹಿಂಡಿದರೆ ಇಳಿಯುವುದಿಲ್ಲವೇ?

ಇನ್ನೊಂದು. ಭಾನು ಹೊಸಕೋಟೆಯಲ್ಲಿ ಬಾಡಿಗೆ ಮನೆ ನೋಡುತ್ತಿದ್ದಾನಂತೆ, ಸೊಣ್ಣಮ್ಮನ ಮಗ ಕಂಡನಂತೆ. ಫ್ಯಾಕ್ಟರಿಗೆ ಹತ್ತಿರ, ಒಳ್ಳೆಯದೇ. ಬಾಣಂತನ ಮುಗಿಸಿ ನೀವು ನೇರ ಅಲ್ಲಿಗೆ ಹೋಗುವುದಾದರೆ ಟ್ಯಾಂಕನ್ನು ಯಾವಾಗ ಸಾಗಿಸಬೇಕು ಎಂದು ತಿಳಿಸು. ಕೇಳಿದೆ ಅಷ್ಟೆ.

ಮಾವ,
ಆದಿನಾರಾಯಣಪ್ಪ


ದೊಡ್ಡಬೆಳವಂಗಲ
15 ಜೂನ್, ಭಾನುವಾರ

ಮಾವ,

ನಿಮ್ಮ ಕಾಗದವನ್ನು ನಮ್ಮ ಮುನಿತಾಯಮ್ಮಜ್ಜಿ ಎರಡು ಸಲ ಓದಿಸಿಕೊಂಡರು. ಮೊಟ್ಟೆಯ ಸುದ್ದಿ ಓದಿ ಸಂತೋಷಕ್ಕೆ ಎಷ್ಟು ಜೋರಾಗಿ ಕೂಗಿದೆನೆಂದರೆ, ಅಮ್ಮ ಒಳಗಿನಿಂದ ಓಡಿ ಬಂದು ಏನಾಯಿತು ಎಂದು ಕೇಳಿದರು.

ನಿಂಬೆಹಣ್ಣು ಖಂಡಿತ ಬೇಡ. ನಮ್ಮ ನೀರಿನಲ್ಲಿ ಸುಣ್ಣ ಜಾಸ್ತಿ. ಹುಳಿ ಹಾಕಿದ ಕ್ಷಣ ಪಿ.ಎಚ್. ಇಳಿಯುತ್ತದೆ, ಸಂಜೆಗೆ ಮತ್ತೆ ಏರುತ್ತದೆ. ಮೀನಿಗೆ ಎಂಟೂವರೆಗಿಂತ ಆ ಏರಿಳಿತವೇ ಕಷ್ಟ. ಈಗ ಮೊಟ್ಟೆ ಇರುವಾಗ ನೀರನ್ನು ಮುಟ್ಟಲೇಬೇಡಿ. ಮೂರನೆಯ ದಿನಕ್ಕೆ ಮೊಟ್ಟೆ ಒಡೆದು ಬಾಲ ಅಲ್ಲಾಡುತ್ತದೆ, ಏಳನೆಯ ದಿನಕ್ಕೆ ಈಜುತ್ತವೆ. ಏನಾಯಿತೆಂದು ಬರೆಯಿರಿ.

ನಾನು ಚೆನ್ನಾಗಿದ್ದೇನೆ.

ಪ್ರಮೋದಾ


ಜಡಿಗೇನಹಳ್ಳಿ
28 ಜೂನ್, ಶನಿವಾರ

ಪ್ರಮೋದಾ,

ಹೋದ ವಾರ ಬರೆಯಲಾಗಲಿಲ್ಲ, ಪಂಚಾಯ್ತಿ ಕೆಲಸವಿತ್ತು. ಮೊಟ್ಟೆ ನೀನು ಹೇಳಿದ ಹಾಗೆಯೇ ಆಯಿತು. ಮೂರನೆಯ ದಿನ ಬಾಲ, ಏಳನೆಯ ದಿನ ಈಜು. ಎಲ್ಲ ಸುಸೂತ್ರ. ನೀನು ಅದರ ಯೋಚನೆ ಬಿಟ್ಟು ಹೊತ್ತಿಗೆ ಸರಿಯಾಗಿ ಊಟ ಮಾಡು.

ಈಗ ತೊಂದರೆ ಇರುವುದು ದೇವರಾಜನ ಮನೆಯಲ್ಲಿ. ನನ್ನ ಜೊತೆ ಡೈರಿಯಲ್ಲಿ ಕ್ಯಾನು ಎತ್ತುತ್ತಿದ್ದನಲ್ಲ, ಅವನು. ಅವನ ಮನೆಯಲ್ಲೂ ಇದೇ ಜಾತಿ ಏಂಜೆಲ್ ಇವೆ, ಅವೂ ಮೊಟ್ಟೆ ಇಟ್ಟಿದ್ದವು. ಎರಡೇ ದಿನಕ್ಕೆ ಒಂದೊಂದೇ ಬೆಳ್ಳಗಾಗಿ, ಮೇಲೆ ಹತ್ತಿಯಂಥದ್ದು ಬೆಳೆದು, ಕೊನೆಗೆ ತಾಯಿ ಮೀನೇ ಅವನ್ನು ಕಿತ್ತು ತಿಂದಿತಂತೆ. ಪಾಪ, ದೇವರಾಜ ಎರಡು ದಿನ ಸಪ್ಪಗಿದ್ದ. ಇನ್ನೊಂದು ಸಲ ಇಡುತ್ತವೆ ಎಂದು ಅಂಗಡಿಯವನು ಹೇಳಿದನಂತೆ. ಅಷ್ಟರಲ್ಲಿ ನೀರಿನ ಪಿ.ಎಚ್. ಇಳಿಸಬೇಕು. ಔಷಧಿ ಬಾಟಲಿ ಅವನಿಗೆ ಬೇಡ, ನ್ಯಾಚುರಲ್ ಮೆಥಡ್ ಬೇಕು. ನಿನಗೆ ಗೊತ್ತಿದ್ದರೆ ಬರೆ.

ಸೊಣ್ಣಮ್ಮನಿಗೆ ಹೇಳಿದೆ, ಪ್ರಮೋದಾಳನ್ನು ಕೇಳುತ್ತೇನೆ ಅಂತ. "ಬಸುರಿ ಹೆಂಗಸಿಗೆ ಮೊಟ್ಟೆ ಕೆಟ್ಟ ಸುದ್ದಿ ಬರೀತಾರಾ? ಬುದ್ಧಿ ಎಲ್ಲಿಟ್ಟಿದ್ದೀಯಣ್ಣ?" ಎಂದು ಬೈದಳು. ನಮ್ಮಲ್ಲಿ ಅದೊಂದು ಉಂಟಲ್ಲ, ಬಸುರಿಯ ಕಿವಿಗೆ ಇಂಥದ್ದು ಹಾಕಬಾರದು ಅಂತ. ಆದರೆ ಇದು ಪರರ ಮನೆಯ ಮೀನಲ್ಲವೇ, ದೋಷವಿಲ್ಲ.

ಮಾವ


ದೊಡ್ಡಬೆಳವಂಗಲ
29 ಜೂನ್, ಭಾನುವಾರ

ಮಾವ,

ದೇವರಾಜ್ ಅವರಿಗೆ ಹೇಳಿ. ಊರಿನ ಶುದ್ಧ ನೀರಿನ ಘಟಕದ ನೀರಿನಲ್ಲಿ ಸುಣ್ಣ ಇರುವುದಿಲ್ಲ. ಅದನ್ನು ತಂದು ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟು, ಟ್ಯಾಂಕಿನಿಂದ ಎರಡು ಬಿಂದಿಗೆ ತೆಗೆದರೆ ಎರಡು ಬಿಂದಿಗೆ ಇದನ್ನು ಹಾಕಬೇಕು. ಮೂರು ದಿನಕ್ಕೊಮ್ಮೆ, ಅವಸರವಿಲ್ಲದೆ. ಮಳೆ ನೀರು ಸಿಕ್ಕರೂ ಆಗುತ್ತದೆ, ಮೊದಲ ಮಳೆಯದು ಬೇಡ.

ಜೊತೆಗೆ ಬಾದಾಮಿ ಎಲೆ. ಶಾಲೆಯ ಕಾಂಪೌಂಡಿನಲ್ಲಿ ಕೊಡೆಯ ಹಾಗೆ ಹರಡಿರುವ ಮರ ಇದೆಯಲ್ಲ, ಅದರದ್ದು. ಕೆಂಪಗಾಗಿ ತಾನೇ ಉದುರಿದ ಎಲೆ ಮಾತ್ರ, ಕಿತ್ತದ್ದಲ್ಲ. ತೊಳೆದು ಒಣಗಿಸಿ ಎರಡು ಎಲೆ ಹಾಕಿದರೆ ನೀರು ಟೀ ಬಣ್ಣಕ್ಕೆ ತಿರುಗುತ್ತದೆ. ಹೆದರಬಾರದು. ಆ ಎಲೆಯ ಹುಳಿ ಮೆಲ್ಲಗೆ ಬಿಡುತ್ತದೆ, ಮೊಟ್ಟೆಗೆ ಬೂಷ್ಟು ಹಿಡಿಯುವುದೂ ಕಡಿಮೆ.

ನಮ್ಮ ಮರಿಗಳು ಎಷ್ಟಿವೆ? ಇವರನ್ನು ಕೇಳಿದರೆ "ನಂಗೊತ್ತಿಲ್ಲ, ಅಪ್ಪನ್ನೇ ಕೇಳು" ಎಂದು ಹಲಸಿನಹಣ್ಣು ತಿನ್ನುತ್ತಾ ಕೂತಿದ್ದಾರೆ. ಒಂದು ವಿಡಿಯೊ ಕಳಿಸಿ.

ಪ್ರಮೋದಾ


ಜಡಿಗೇನಹಳ್ಳಿ
12 ಜುಲೈ, ಶನಿವಾರ

ಪ್ರಮೋದಾ,

ಮರಿಗಳು ನಲವತ್ತರ ಹತ್ತಿರ ಇರಬಹುದು. ಓಡಾಡುವುದನ್ನು ಎಣಿಸುವುದು ಕಷ್ಟ. ವಿಡಿಯೊ ಬೇಡವೆಂದು ಬಿಟ್ಟೆ, ಫೋನಿನ ಬೆಳಕಿಗೆ ಬೆದರುತ್ತವೆ.

ದೇವರಾಜನ ಕತೆಯೇ ದೊಡ್ಡದಾಗಿದೆ. ಎಲೆ ಆಯಲು ಶಾಲೆಗೆ ಹೋದವನನ್ನು ಹೆಡ್‌ಮೇಡಂ ನಿಲ್ಲಿಸಿ "ಯಾರ್ ಬೇಕಿತ್ತು ಯಜಮಾನ್ರೇ?" ಎಂದು ಕೇಳಿದರಂತೆ. ಎಲೆ ಬೇಕು ಎಂದರೆ ನಂಬಲೇ ಇಲ್ಲ. ಕೊನೆಗೆ ಕಸಗುಡಿಸುವಾಕೆ ಒಂದು ಚೀಲ ತುಂಬಿ ಕೊಟ್ಟು "ದಿನಾ ಬನ್ನಿ, ನಂಗೂ ಕೆಲ್ಸ ಕಮ್ಮಿ ಆಯ್ತದೆ" ಅಂದಳಂತೆ. ನೀನು ಹೇಳಿದ್ದನ್ನು ಸ್ಟೆಪ್ ಬೈ ಸ್ಟೆಪ್ ಮಾಡಿದ. ಘಟಕದ ನೀರನ್ನು ಒಂದು ದಿನವಲ್ಲ, ನಾಲ್ಕು ದಿನ ಇಟ್ಟು ಹಾಕಿದ. ನೀರು ಟೀ ಆಯಿತು. ಪಟ್ಟಿ ಅದ್ದಿದರೆ? ಎಂಟೂವರೆ. ಒಂದು ಸಲ ಒಂಬತ್ತಕ್ಕೇ ಹೋಗಿತ್ತು. ಎರಡನೆಯ ಸಲದ ಮೊಟ್ಟೆಯೂ ಬೆಳ್ಳಗಾಯಿತು.

ಅವನಿಗೆ ತಲೆ ಕೆಟ್ಟು ನಾಲ್ಕು ನಿಂಬೆಹಣ್ಣು ಹಿಂಡಿಬಿಟ್ಟ. ನೀನು ಬೇಡವೆಂದಿದ್ದು ನಾನು ಹೇಳಿದ್ದೆ, ಕೇಳಲಿಲ್ಲ. ಬೆಳಿಗ್ಗೆ ಪಟ್ಟಿ ಆರೂವರೆ ತೋರಿಸಿತು, ಸಂಜೆಗೆ ಮತ್ತೆ ಮೇಲೆ ಹತ್ತಿ ಕೂತಿತು. ಗಂಡು ಮೀನು ಪಕ್ಕಕ್ಕೆ ವಾಲಿ ಬಾಯಿ ಬಾಯಿ ಬಿಡುತ್ತಿತ್ತು. ದೇವರಾಜ ರಾತ್ರಿಯೆಲ್ಲ ಸ್ಟೂಲಿನ ಮೇಲೆ ಕೂತಿದ್ದ. ಬೆಳಗಿನ ಹೊತ್ತಿಗೆ ಸುಧಾರಿಸಿಕೊಂಡಿತು.

ಬಫರ್ ಎಂದು ಒಂದು ಪಾಠವಿತ್ತು. ರೆಸಿಸ್ಟ್ಸ್ ದಿ ಚೇಂಜ್. ಅಷ್ಟು ನೆನಪಿದೆ, ಅದಕ್ಕೆ ಏನು ಮಾಡಬೇಕು ಎನ್ನುವ ಪುಟ ನೆನಪಿಲ್ಲ. ಎಲ್ಲಿ ತಪ್ಪಿದ ಎಂದು ನೀನೇ ಹೇಳಬೇಕು.

ಮಾವ


ದೊಡ್ಡಬೆಳವಂಗಲ
13 ಜುಲೈ, ಭಾನುವಾರ

ಮಾವ,

ದೇವರಾಜ್ ಅವರ ಮನೆಯಲ್ಲಿ ಮೀನಿಲ್ಲ. ಇವರನ್ನು ಕೇಳಿದೆ. ಸುಳ್ಳು ಹೇಳಲು ಬಾರದೆ ಕೆಮ್ಮಿದರು.

ಕೆಟ್ಟಿದ್ದು ನಮ್ಮ ಮೊಟ್ಟೆಯೇ ಎಂದು ತಿಳಿದು ನನಗೆ ಬೇಸರವಾಯಿತು, ಆದರೆ ಏನೂ ಆಗಲಿಲ್ಲ. ಸ್ವಲ್ಪ ಅತ್ತುಕೊಂಡೆ, ಊಟ ಮಾಡಿದೆ, ಮಲಗಿದೆ. ನನಗೆ ಹೆದರಿಕೆಯಾಗಿದ್ದು ಇಲ್ಲದ ನಲವತ್ತು ಮರಿಗಳನ್ನು ನಿಮ್ಮ ಕಾಗದದಲ್ಲಿ ನೋಡಿ. ಇನ್ನು ಏನೇನು ನನಗೆ ಹೇಳದೆ ಇಟ್ಟಿರುತ್ತೀರಿ ಎಂದು.

ಇಷ್ಟು ದಿನ ಬರೆಯದೇ ಇದ್ದದ್ದನ್ನು ಬರೆಯುತ್ತೇನೆ. ಹೋದ ವರ್ಷ ಆಷಾಢದಲ್ಲಿ ಬಸಿರು ಮೂರು ತಿಂಗಳಿಗೇ ಹೋಯಿತಲ್ಲ, ಅವತ್ತು ಆಸ್ಪತ್ರೆಯಿಂದ ಬಂದಾಗ ನೀವು ಜಗಲಿಯ ಮೇಲೆ ಇದ್ದಿರಿ. ನನ್ನನ್ನು ನೋಡಿ ಎದ್ದು ಕೊಟ್ಟಿಗೆಗೆ ಹೋದಿರಿ. ಹಸುವೇ ಇಲ್ಲದ ಕೊಟ್ಟಿಗೆಗೆ. ಆಮೇಲೆ ಒಂದು ದಿನವೂ, ಒಂದು ಮಾತೂ ಇಲ್ಲ. ಟಿವಿಯ ಸದ್ದನ್ನು ಕೂಡ ಕಡಿಮೆ ಮಾಡಿದಿರಿ. ನನ್ನ ಮುಖ ನೋಡಲು ನಿಮಗೆ ಇಷ್ಟವಿಲ್ಲ, ತಪ್ಪು ನನ್ನದೇ ಎಂದುಕೊಂಡಿದ್ದೀರಿ ಅನ್ನಿಸಿತು. ಆ ಮನೆಯಲ್ಲಿ ನನ್ನದು ಅಂತ ಏನಾದರೂ ಓಡಾಡಲಿ ಎಂದು ಈ ಮೀನು ತಂದೆ. ಅದಕ್ಕೂ ನೀವು ಏನೂ ಅನ್ನಲಿಲ್ಲ.

ಹೊಸಕೋಟೆಯಲ್ಲಿ ಮನೆ ನೋಡಿ ಎಂದು ಇವರಿಗೆ ಹೇಳಿದ್ದು ನಾನೇ. ಫ್ಯಾಕ್ಟರಿ ಹತ್ತಿರ ಅನ್ನುವುದು ನೆಪ. ಮತ್ತೆ ಏನಾದರೂ ಆದರೆ ಆ ಮೌನದಲ್ಲಿ ಇನ್ನೊಂದು ಸಲ ಇರಲು ನನ್ನಿಂದ ಆಗುವುದಿಲ್ಲ.

ನೀರಿನ ಪಿ.ಎಚ್. ಇಳಿಯದಿರುವುದಕ್ಕೆ ಒಂದೇ ಕಾರಣ ಇರಬಹುದು. ನಾಲ್ಕು ದಿನ ಯಾವುದರಲ್ಲಿ ಇಟ್ಟಿದ್ದಿರಿ?

ಪ್ರಮೋದಾ


ದೊಡ್ಡಬೆಳವಂಗಲ
27 ಜುಲೈ, ಭಾನುವಾರ

ಮಾವ,

ಎರಡು ಭಾನುವಾರ ಇವರು ಬರಿಗೈಯಲ್ಲಿ ಬಂದರು. ನಾನು ಬರೆದದ್ದು ಹೆಚ್ಚಾಯಿತೇನೋ. ವಾಪಸ್ಸು ತೆಗೆದುಕೊಳ್ಳಲು ಮನಸ್ಸು ಬರುತ್ತಿಲ್ಲ.

ಮೀನಿಗೆ ಕಾಳು ಹಾಕುವುದನ್ನು ಮರೆಯಬೇಡಿ.

ಪ್ರಮೋದಾ


ಜಡಿಗೇನಹಳ್ಳಿ
2 ಆಗಸ್ಟ್, ಶನಿವಾರ

ಪ್ರಮೋದಾ,

ಮೂರು ಶನಿವಾರವೂ ಕೂತೆ. ಮೊದಲನೆಯದರಲ್ಲಿ ದೇವರಾಜನ ಬಗ್ಗೆಯೇ ಒಂದು ಪುಟ ಬರೆದು ಹರಿದೆ. ಅವನಿಗೆ ಮೀನಿಲ್ಲ ನಿಜ, ಆದರೂ ಬೆಳ್ಳಗಾದ ಮೊಟ್ಟೆಯನ್ನು ನಮ್ಮದು ಎಂದು ನಿನಗೆ ಬರೆಯಲು ಕೈ ಬರಲಿಲ್ಲ. ಮೂರನೆಯ ಸಲದ್ದೂ ಹೋಯಿತು, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ನಮ್ಮ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಲೆಟರ್ ರೈಟಿಂಗ್ ಎಂದು ಇತ್ತು. ಲೀವ್ ಲೆಟರ್, ಜಾಬ್ ಅಪ್ಲಿಕೇಷನ್, ಕೊನೆಗೆ ಕಂಡೋಲೆನ್ಸ್ ಲೆಟರ್. ಕೊನೆಯದು ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟುಬಿಟ್ಟಿದ್ದೆ. ಡೈರಿಯಲ್ಲಿ ಯಾರ ಹಸು ಸತ್ತರೂ, ಯಾರ ಮನೆಯಲ್ಲಿ ಸಾವಾದರೂ, ಹೋಗಿ ಮಾತಾಡಿ ಬರುತ್ತಿದ್ದವಳು ನಿನ್ನ ಅತ್ತೆ ಅಶ್ವತ್ಥಮ್ಮ. ನಾನು ಹಿಂದೆ ಟವಲು ಹಾಕಿಕೊಂಡು ನಿಂತಿರುತ್ತಿದ್ದೆ. ಅವಳು ಸತ್ತಾಗ ಬಂದವರಿಗೂ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ, ಕಾಫಿ ಕುಡಿಯಿರಿ ಎಂದೆ.

ಅವತ್ತು ನೀನು ಆಟೋದಿಂದ ಇಳಿಯುವುದಕ್ಕೆ ಮೊದಲು ಒಂದು ಮಾತು ಸಿದ್ಧ ಮಾಡಿಕೊಂಡಿದ್ದೆ. "ಯೋಚ್ನೆ ಮಾಡ್ಬೇಡ ಕಣಮ್ಮ, ನಾನಿದ್ದೀನಿ." ಬೆಳಗಿನಿಂದ ಅದನ್ನೇ ಹೇಳಿಕೊಂಡಿದ್ದೆ. ನಿನ್ನ ಮುಖ ನೋಡಿದೆ. ಮಗ, ಸೊಸೆ ಎದುರು ಕಣ್ಣಲ್ಲಿ ನೀರು ಬಂದರೆ ಏನಂದುಕೊಳ್ಳುತ್ತಾರೋ ಎಂದು ಎದ್ದು ಹೋದೆ. ಹಸು ಮಾರಿ ಎರಡು ವರ್ಷವಾಗಿತ್ತು, ಕೊಟ್ಟಿಗೆಯಲ್ಲಿ ನನಗೇನು ಕೆಲಸ? ಗೂಟ ಹಿಡಿದುಕೊಂಡು ನಿಂತಿದ್ದೆ. ಟಿವಿ ಸಣ್ಣಗೆ ಇಟ್ಟಿದ್ದು ನೀನು ಮಲಗಿರುತ್ತೀಯ ಎಂದು. ತಪ್ಪು ನಿನ್ನದು ಎಂದು ಒಂದು ದಿನವೂ ಅಂದುಕೊಳ್ಳಲಿಲ್ಲ. ಇದನ್ನು ಹೇಳಲು ಒಂದು ವರ್ಷ ತೆಗೆದುಕೊಂಡೆ ನೋಡು, ಅದು ನನ್ನ ತಪ್ಪು.

ನೀರು ಎಲ್ಲಿಟ್ಟಿದ್ದಿರಿ ಎಂದು ನೀನು ಕೇಳಿದ್ದೆ. ಬಚ್ಚಲಿನಲ್ಲಿ. ಜೂನ್ ತಿಂಗಳಲ್ಲೇ ಗಾರೆ ಮೇಸ್ತ್ರಿಯನ್ನು ಕರೆಸಿ ಅಲ್ಲಿ ಒಂದು ಸಿಮೆಂಟ್ ತೊಟ್ಟಿ ಕಟ್ಟಿಸಿದೆ. ಕೂತು ಮಗುವಿಗೆ ನೀರು ಹಾಕುವವರಿಗೆ ಕೈಗೆಟಕುವ ಎತ್ತರಕ್ಕೆ, ಬಿಸಿನೀರಿನ ಒಲೆಗೆ ಒತ್ತಾಗಿ. ನೀನು ಬಂದಾಗ ನೋಡಲಿ ಎಂದು ಭಾನುವಿಗೂ ಹೇಳಬೇಡ ಎಂದಿದ್ದೆ. ಹೊಸ ಸಿಮೆಂಟಿಗೆ ನೀರು ನಿಲ್ಲಬೇಕಲ್ಲ, ಘಟಕದ ನೀರನ್ನೂ ಅಲ್ಲೇ ತುಂಬಿದರೆ ಎರಡೂ ಕೆಲಸ ಆಗುತ್ತದೆ ಎಂದು ಬುದ್ಧಿವಂತಿಕೆ ಮಾಡಿದೆ. ನೀನು ಆ ಒಂದು ಸಾಲು ಕೇಳಿದ ಮೇಲೆ ತೊಟ್ಟಿಗೇ ಪಟ್ಟಿ ಅದ್ದಿದೆ. ಕಡು ನೀಲಿ, ಹೋಲಿಸಿ ನೋಡುವ ಬಣ್ಣದ ಕಾಗದದಲ್ಲಿ ಅದಕ್ಕೆ ಮನೆಯೇ ಇಲ್ಲ. ಸಿಮೆಂಟಿನ ಸುಣ್ಣವೆಲ್ಲ ನೀರಿಗೆ ಬಿಟ್ಟಿತ್ತು, ಅದನ್ನು ತಂದು ತಂದು ನಾನು ಮೀನಿಗೆ ಹಾಕಿದ್ದೆ. ಡೈರಿಯಲ್ಲಿ ಹಾಲಿಗೆ ಸೋಡಾ ಬೆರೆಸಿದವರನ್ನು ರುಚಿ ನೋಡಿಯೇ ಹಿಡಿಯುತ್ತಿದ್ದವನು ನಾನು.

ಈಗ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಡುತ್ತಿದ್ದೇನೆ. ಹತ್ತು ದಿನಕ್ಕೆ ಎಂಟಕ್ಕೆ ಇಳಿದಿದೆ. ಅವಸರ ಮಾಡುತ್ತಿಲ್ಲ.

ಹೊಸಕೋಟೆಯ ಮನೆ ನೋಡಿ. ನಾನು ಅಡ್ಡ ಬರುವುದಿಲ್ಲ. ನೀನು ಇಲ್ಲಿಗೇ ಬರಬೇಕು ಎಂದು ನನಗೆ ಆಸೆಯಿದೆ. ಇದನ್ನು ಬರೆದು ಹೊಡೆದುಹಾಕೋಣ ಎಂದುಕೊಂಡೆ, ಹಾಗೇ ಇರಲಿ.

ಮಾವ


ದೊಡ್ಡಬೆಳವಂಗಲ
21 ಸೆಪ್ಟೆಂಬರ್, ಭಾನುವಾರ

ಮಾವ,

ಬಾಣಂತಿ ಬರೆದರೆ ಕಣ್ಣು ಹೋಗುತ್ತದೆ ಎಂದು ಅಜ್ಜಿ ಪೆನ್ನು ಬಚ್ಚಿಟ್ಟಿದ್ದಾರೆ. ಇದು ಇವರ ಜೇಬಿನ ಪೆನ್ನು. ಮಗಳು ಪಕ್ಕದಲ್ಲೇ ಮಲಗಿದ್ದಾಳೆ. ಅವಳಿಗೆ ನಿಮ್ಮದೇ ಕಿವಿ ಎಂದು ನೀವು ಬಂದುಹೋದ ಮೇಲೆ ಎಲ್ಲರೂ ಹೇಳುತ್ತಿದ್ದಾರೆ. ಅವತ್ತು ಅಷ್ಟೆಲ್ಲ ಬರೆದುಕೊಂಡವರು ಎದುರು ಕೂತು ಮತ್ತೆ "ಊಟ ಆಯ್ತೇನಮ್ಮ" ಅಂದಿರಿ. ನಾನು ನಕ್ಕಿದ್ದು ಏಕೆಂದು ಅಮ್ಮನಿಗೆ ಇನ್ನೂ ತಿಳಿದಿಲ್ಲ.

ನಿಮ್ಮ ಆಗಸ್ಟಿನ ಕಾಗದ ದಿಂಬಿನ ಕೆಳಗಿದೆ. ಮಗು ಮಲಗಿದಾಗ ತೆಗೆದು ಓದುತ್ತೇನೆ.

ತೊಟ್ಟಿಯ ನೀರು ಮಗುವಿನ ಮೈಗೂ ಆಗದು. ಎರಡು ದಿನಕ್ಕೊಮ್ಮೆ ತುಂಬಿ, ಉಜ್ಜಿ, ಪೂರ್ತಿ ಚೆಲ್ಲಿ. ಬೋರ್‌ವೆಲ್ ನೀರು ಹಾಕಿದಾಗ ಪಟ್ಟಿ ಎಷ್ಟು ತೋರಿಸುತ್ತದೋ ಮಾರನೆಯ ದಿನವೂ ಅಷ್ಟೇ ತೋರಿಸುವವರೆಗೆ. ಮೂರು ತಿಂಗಳು ತುಂಬಿದ ಮೇಲೆ ಮೊದಲು ಜಡಿಗೇನಹಳ್ಳಿಗೇ ಬರುತ್ತೇವೆ. ಹೊಸಕೋಟೆಯ ಮಾತನ್ನು ಪೂರ್ತಿ ಬಿಟ್ಟಿಲ್ಲ, ಅದನ್ನು ಇವಳು ಅಂಬೆಗಾಲಿಟ್ಟ ಮೇಲೆ ಮಾತಾಡೋಣ, ನೀವೂ ಕೂತು. ಒಂದೇ ಕೇಳುವುದು. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ನನಗೆ ಹೇಳಬೇಕು. ಬಾಣಂತಿ ಅಂತ ಬಚ್ಚಿಡಬಾರದು.

ಪ್ರಮೋದಾ


ಜಡಿಗೇನಹಳ್ಳಿ
4 ಅಕ್ಟೋಬರ್, ಶನಿವಾರ

ಪ್ರಮೋದಾ,

ಹೆಣ್ಣು ಏಂಜೆಲ್ ಇವತ್ತು ಬೆಳಿಗ್ಗೆ ಸತ್ತಿತು.

ಎರಡು ದಿನದಿಂದ ಕಾಳು ಮುಟ್ಟಿರಲಿಲ್ಲ, ಮೂಲೆಯಲ್ಲಿ ನಿಂತಿತ್ತು. ಪಟ್ಟಿ ಅದ್ದಿದೆ, ಏಳು ತೋರಿಸಿತು. ಇಡೀ ವಾರ ಏಳರಲ್ಲೇ ಇತ್ತು. ನೀರಿನದಲ್ಲ, ಯಾರ ತಪ್ಪೂ ಅಲ್ಲ ಎಂದು ಕಾಣುತ್ತದೆ. ನಿಂಬೆಹಣ್ಣಿನ ಪೆಟ್ಟು ಒಳಗೇ ಉಳಿದಿತ್ತೋ ಏನೋ, ಅದೂ ಇರಬಹುದು ಎಂದು ಬರೆಯುತ್ತಿದ್ದೇನೆ. ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆ. "ಬಾಣಂತಿಗೆ ಬರೀಬ್ಯಾಡ ಕಣಣ್ಣ, ಬಂದ್ಮೇಲೆ ಹೇಳೀವಂತೆ" ಎಂದಳು ಸೊಣ್ಣಮ್ಮ. ಇಲ್ಲಮ್ಮ, ಅವಳಿಗೆ ಹೇಳಬೇಕು ಎಂದೆ.

ನಿನಗೆ ಬೇಸರವಾಗುತ್ತದೆ. ಆಗಲಿ, ಅತ್ತರೆ ಅಳು. ಮಗುವಿಗೆ ಹಾಲು ಕುಡಿಸಿ ಆಮೇಲೆ ಅಳು.

ಗಂಡು ಮೀನು ಬೆಳಗಿನಿಂದ ಆ ಕೊಳವೆಯ ಸುತ್ತಲೇ ಸುತ್ತುತ್ತಿದೆ. ಕುರ್ಚಿ ತಂದು ಟ್ಯಾಂಕಿನ ಪಕ್ಕ ಹಾಕಿಕೊಂಡಿದ್ದೇನೆ, ಈ ಕಾಗದವನ್ನೂ ಇಲ್ಲೇ ಬರೆಯುತ್ತಿರುವುದು. ಅದಕ್ಕೆ ಏನು ಹೇಳಬೇಕೋ ನನಗೆ ಈಗಲೂ ಗೊತ್ತಿಲ್ಲ. ಎದ್ದು ಮಾತ್ರ ಹೋಗಿಲ್ಲ.

ಮಾವ